ಕಲಬುರಗಿ ಬಿಸಿಲಿನಲ್ಲಿ ಕೊನೆಯ ವಾರ

ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ಕಡೆ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೇ ತೆರೆದು ಮಧ್ಯಾಹ್ನ 1.30ಕ್ಕೆ ಬಾಗಿಲು ಹಾಕುತ್ತವೆ. ಸಕಲೇಶಪುರದಿಂದ ಬಂದ ನನಗೆ ಇದು ಗೊತ್ತೇ ಇರಲಿಲ್ಲ. ಬಿಸಿಲಿಗಾಗಿ ಆಫೀಸಿನ ಟೈಮೇ ಬದಲಾಗುತ್ತೆ ಅಂದರೆ ನಮ್ಮ ಕಡೆ ಯಾರೂ ನಂಬಲ್ಲ. ಆದರೆ ನಾನು ಕೆಲಸ ಕಲಿಯೋಕೆ ಸೇರಿದ್ದ ದಾಲ್ ಮಿಲ್ಲಿನಲ್ಲಿ ಲೆಕ್ಕ ತಿರುವುಮುರುವು. ಊರೆಲ್ಲ ಬಾಗಿಲು ಹಾಕಿಕೊಂಡು ಫ್ಯಾನಿನ ಕೆಳಗೆ ಕೂರುವ ಹೊತ್ತಿಗೇ ಅಲ್ಲಿ ಅಸಲಿ ಕೆಲಸ ಶುರುವಾಗುತ್ತಿತ್ತು.

ಫುಡ್ ಟೆಕ್ನಾಲಜಿ ಓದುವವರಿಗೆ ಬೇಸಿಗೆಯಲ್ಲಿ ಇಂಟರ್ನ್‌ಶಿಪ್ ಕಡ್ಡಾಯ. ಗೆಳತಿಯರೆಲ್ಲ ಬೆಂಗಳೂರಲ್ಲಿ ಬಿಸ್ಕತ್ತು, ಐಸ್‌ಕ್ರೀಮ್ ಫ್ಯಾಕ್ಟರಿಗಳನ್ನು ಹಿಡಿದರು. ನನಗೆ ಸಿಕ್ಕಿದ್ದು ಕಪನೂರು ಕೈಗಾರಿಕಾ ಪ್ರದೇಶದ ಒಂದು ಮಧ್ಯಮ ಗಾತ್ರದ ತೊಗರಿ ಬೇಳೆ ಮಿಲ್ಲು. ಮೊದಲ ದಿನಗಳ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ. ನೀರು ಕುಡಿದೆ, ಬೆವರಿದೆ, ಮತ್ತೆ ನೀರು ಕುಡಿದೆ, ಅಷ್ಟೇ. ಕೊನೆಯ ವಾರದ್ದು ಮಾತ್ರ ಬರೆದಿಡೋಣ ಅನ್ನಿಸಿತು.

ಬುಧವಾರ

ಇವತ್ತು ಮಿಲ್ಲಿನ ಅಂಗಳದಲ್ಲಿ ತೊಗರಿ ಒಣಗೋಕೆ ಬಿದ್ದಿತ್ತು. ಅರ್ಧ ಅಂಗಳ ಸಿಮೆಂಟು, ಇನ್ನರ್ಧ ಶಹಾಬಾದ್ ಫರಸಿ, ಅಂದರೆ ಚಪ್ಪಡಿ ಕಲ್ಲು. ಹನ್ನೊಂದು ಗಂಟೆಗೆಲ್ಲ ಫರಸಿ ಮೇಲೆ ಬರಿಗಾಲಿಡೋಕೆ ಆಗಲ್ಲ.

ತೊಗರಿ ಬೇಳೆ ಮಾಡೋದು ಅಂದರೆ ಕಾಳು ಒಡೆಯೋದು ಅಂತ ತಿಳಿದು ಬಂದಿದ್ದೆ. ಒಡೆಯೋದು ಸುಲಭ. ಕಷ್ಟ ಇರೋದು ಸಿಪ್ಪೆ ಬಿಡಿಸೋದರಲ್ಲಿ. ಸಿಪ್ಪೆಗೂ ಬೇಳೆಗೂ ನಡುವೆ ಒಂದು ಅಂಟಿನ ಪದರ ಇರುತ್ತೆ. ತೊಗರಿಯಲ್ಲಿ ಇದು ತುಂಬಾ ಗಟ್ಟಿ. ಅದಕ್ಕೆ ಮೊದಲು ಒರಟು ಮೈಯ ಎಮರಿ ರೋಲರಿನಲ್ಲಿ ಕಾಳಿನ ಮೈಗೆ ಸಣ್ಣಗೆ ಗೀರು ಹಾಕುತ್ತಾರೆ. ಆಮೇಲೆ ಚೂರೇ ಚೂರು ಎಣ್ಣೆ ಸವರಿ ರಾಶಿ ಹಾಕಿ ಬಿಡುತ್ತಾರೆ. ಗೀರಿನ ಮೂಲಕ ಎಣ್ಣೆ ಒಳಗಿಳಿದು ಅಂಟು ಸಡಿಲ ಆಗಬೇಕು. ಆಮೇಲೆ ಎರಡು ಮೂರು ದಿನ ಬಿಸಿಲು. ಅದಾದ ಮೇಲೆ ನೀರು ಚಿಮುಕಿಸಿ, ಒಂದು ರಾತ್ರಿ ಹಾಗೇ ಇಟ್ಟು, ಮತ್ತೆ ರೋಲರಿಗೆ. ಸಿಪ್ಪೆ ಹೋಗಿಯೂ ಒಡೆಯದೆ ಉಳಿದ ಕಾಳಿಗೆ ಇಲ್ಲಿ ಗೋಟಾ ಅನ್ನುತ್ತಾರೆ. ಅದು ಇನ್ನೊಂದು ಸುತ್ತು ಹೋಗುತ್ತೆ. ಇಷ್ಟೆಲ್ಲ ಆದಮೇಲೆ 100 ಕಿಲೋ ತೊಗರಿಗೆ 70ರಿಂದ 75 ಕಿಲೋ ಬೇಳೆ. ಉಳಿದದ್ದು ಹೊಟ್ಟು, ನುಚ್ಚು, ಪುಡಿ. ಅದೂ ವೇಸ್ಟ್ ಅಲ್ಲ, ದನದ ಮೇವಿಗೆ ಹೋಗುತ್ತೆ.

ದೊಡ್ಡ ಮಿಲ್ಲುಗಳಲ್ಲಿ ಡ್ರೈಯರ್ ಇದೆ. ನಮ್ಮಲ್ಲಿ ಇರಲಿಲ್ಲ. ಮಿಸ್ತ್ರಿ ಕಾಕಾ ಮೊದಲ ವಾರವೇ ಹೇಳಿದ್ದರು, ‘ಮಷೀನ್ ಬ್ಯಾಳಿ ಒಡೀತದ ತಂಗಿ. ಸಿಪ್ಪಿ ಬಿಡಸೋದು ಬಿಸಲು.’ ಆಗ ಅದನ್ನು ಮಾತಿಗೆ ಹೇಳಿದ್ದು ಅಂದುಕೊಂಡೆ. ಕೊನೆಗೆ ನನ್ನ ರಿಪೋರ್ಟಿನ ಅಂಕಿಗಳೆಲ್ಲ ಅದನ್ನೇ ಹೇಳಿದವು. ಮೋಡ ಕವಿದ ದಿನಗಳಲ್ಲಿ ಒಣಗಿದ ಲಾಟಿನಲ್ಲಿ ಗೋಟಾ ಜಾಸ್ತಿ, ನುಚ್ಚೂ ಜಾಸ್ತಿ. 43 ಡಿಗ್ರಿ ಕಾಯ್ದ ದಿನಗಳದ್ದು ಸರಾಗ.

ಅಂಗಳದಲ್ಲಿ ಕಾಳು ತಿರುವೋದು ಹೆಂಗಸರ ಕೆಲಸ. ಕೈಯಲ್ಲಲ್ಲ, ಕಾಲಲ್ಲಿ. ಹಳೇ ಸಾಕ್ಸ್ ಹಾಕಿಕೊಂಡು, ತಲೆ ಮೇಲೆ ಸೆರಗೆಳೆದುಕೊಂಡು, ಕಾಲು ಎತ್ತದೆ ಎಳೆದುಕೊಂಡು ಸಾಲಾಗಿ ಹೋಗುತ್ತಾರೆ. ಒಬ್ಬರು ಬಿಟ್ಟ ಗೆರೆ ಪಕ್ಕವೇ ಇನ್ನೊಬ್ಬರ ಗೆರೆ. ಸ್ವಲ್ಪ ಹೊತ್ತಿಗೆ ಇಡೀ ಅಂಗಳ ಉತ್ತ ಹೊಲದ ಹಾಗೆ ಕಾಣುತ್ತೆ. ಒಂದು ತುದಿ ಮುಟ್ಟಿದ ಮೇಲೆ ಅಡ್ಡಡ್ಡ ಬರುತ್ತಾರೆ, ಹಳೇ ಗೆರೆ ಅಳಿಸಿ ಹೊಸದು. ನಡುನಡುವೆ ಅವರಲ್ಲೇ ಹಿರಿಯರಾದ ಆಯಿ ಬಗ್ಗಿ ಒಂದು ಕಾಳು ತೆಗೆದು ಹಲ್ಲಿಗಿಟ್ಟು ಕಚ್ಚುತ್ತಿದ್ದರು. ಕಟ್ ಅಂತ ಸದ್ದು ಬಂದರೆ ಆಯಿತು. ಮೆತ್ತಗೆ ಬಾಗಿದರೆ ಇನ್ನೂ ಒಂದು ಸುತ್ತು.

ನನ್ನ ಹತ್ತಿರ ತೇವಾಂಶ ಅಳೆಯುವ ಮೀಟರ್ ಇತ್ತು. ಆಯಿಯ ಹಲ್ಲಿಗೂ ಮೀಟರಿಗೂ ಪಂದ್ಯ ಕಟ್ಟೋದು ನಮ್ಮಿಬ್ಬರಿಗೂ ಆಟ ಆಗಿತ್ತು. ಇವತ್ತೂ ಅವರು ಕಚ್ಚಿ ‘ಆಗ್ಯದ’ ಅಂದರು, ಮೀಟರೂ ಆಗಿದೆ ಅಂತಲೇ ತೋರಿಸಿತು. ‘ನಿನ್ನ ಡಬ್ಬಿ ಈಗೀಗ ಕಲೀಲಾಕತ್ತದ’ ಅಂತ ನಕ್ಕರು.

ಗುರುವಾರ

ಮಾಲೀಕರು ನೆಹರು ಗಂಜಿಗೆ, ಅಂದರೆ ಇಲ್ಲಿನ ಕಾಳಿನ ಮಾರುಕಟ್ಟೆಗೆ, ಹೊರಟಿದ್ದರು. ನಾನೂ ಬರಲಾ ಅಂದೆ. ‘ಬರ್ರಿ, ಬ್ಯಾಳಿ ಎಲ್ಲಿಂದ ಬರ್ತದ ನೋಡ್ರಿ’ ಅಂದರು.

ತೊಗರಿ ಕಟಾವು ಡಿಸೆಂಬರ್, ಜನವರಿಗೆ. ಗಂಜಿನಲ್ಲಿ ಆಗ ಕಾಲಿಡೋಕೆ ಜಾಗ ಇರಲ್ಲವಂತೆ. ಜೂನ್ ಹತ್ತಿರ ಬಂದಾಗ ಬರೋದು ಕೂಡಿಟ್ಟ ಮಾಲು. ರೇಟು ಏರಲಿ ಅಂತ ಕಾದವರು ಈಗ ಬೀಜ, ಗೊಬ್ಬರಕ್ಕೆ ದುಡ್ಡು ಬೇಕಾಗಿ ನಾಲ್ಕಾರು ಚೀಲ ತರುತ್ತಾರೆ. ಅಡತ್ (ದಲ್ಲಾಳಿ) ಅಂಗಡಿಯ ಕಟ್ಟೆ ಮೇಲೆ ಚಿಂಚೋಳಿ ಕಡೆಯ ರೈತರೊಬ್ಬರು ಕೂತಿದ್ದರು. ಹಮಾಲಿಯವರು ಚೂಪಾದ ಕಬ್ಬಿಣದ ಕೊಳವೆ ಚೀಲಕ್ಕೆ ಚುಚ್ಚಿ ಒಂದು ಹಿಡಿ ಕಾಳು ಹೊರತೆಗೆದರು. ಮಾಲೀಕರು ಅಂಗೈ ಮೇಲೆ ಹರಡಿ ಬೆರಳಲ್ಲಿ ಸರಿಸಿ ನೋಡಿದರು. ಕೆಲವು ಕಾಳಿನ ಮೇಲೆ ಸೂಜಿ ಮೊನೆಯಷ್ಟು ಬಿಳಿ ಚುಕ್ಕಿ ಇತ್ತು.

‘ಇದೇನು ಗೊತ್ತದ?’ ಅಂತ ನನ್ನನ್ನು ಕೇಳಿದರು.

ಪುಸ್ತಕದಲ್ಲಿ ಓದಿದ್ದೆ, ಕಣ್ಣಲ್ಲಿ ನೋಡಿರಲಿಲ್ಲ. ಹುಳದ ಮೊಟ್ಟೆ. ಮರಿ ಹುಳ ಅಲ್ಲಿಂದಲೇ ಕಾಳಿನೊಳಗೆ ಕೊರೆದುಕೊಂಡು ಹೋಗುತ್ತೆ. ತಿಂದು ಬೆಳೆದು ಹೊರಗೆ ಬಂದಾಗ ದುಂಡನೆ ತೂತು ಬೀಳುತ್ತೆ. ಹೆಚ್ಚು ದಿನ ಇಟ್ಟಷ್ಟೂ ಹುಳ ಜಾಸ್ತಿ. ಅಂದರೆ ರೇಟಿಗೆ ಕಾಯೋದೂ ಒಂದು ಜೂಜು. ರೈತರು ಏನೂ ಮಾತಾಡಲಿಲ್ಲ, ಮಾಲೀಕರ ಅಂಗೈಯನ್ನೇ ನೋಡುತ್ತಿದ್ದರು. ಆಮೇಲೆ ನೆಟೆ ರೋಗದ ಮಾತು ಬಂತು. ಹೂವು, ಕಾಯಿ ಹಿಡಿಯುವ ಹೊತ್ತಿಗೆ ಗಿಡ ನಿಂತ ನಿಲುವಲ್ಲೇ ಒಣಗಿಬಿಡುತ್ತೆ. ಮಣ್ಣಿನಲ್ಲಿರುವ ಶಿಲೀಂಧ್ರದ ಕೆಲಸ ಅದು. ‘ಈ ಸಲ ಟಿಎಸ್-3ಆರ್ ಹಾಕ್ಬೇಕಂತ ಮಾಡೀನಿ, ಅದು ನೆಟೆಗಿ ತಡೀತದ ಅಂತಾರ’ ಅಂದರು. ಇಲ್ಲೇ ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದಿಂದ ಬಂದ ತಳಿ ಅದು.

2019ರಲ್ಲಿ ಗುಲಬರ್ಗಾ ತೊಗರಿ ಬೇಳೆಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ. ಮಿಲ್ಲಿನ ಗೋಡೆ ಮೇಲೆ ಅದರ ಬಗ್ಗೆ ಒಂದು ಬೋರ್ಡೂ ಇದೆ. ಗಂಜಿನ ಕಟ್ಟೆ ಮೇಲೆ ಮಾತ್ರ ಅದರ ಸುದ್ದಿ ಯಾರೂ ಎತ್ತಲಿಲ್ಲ. ಅಲ್ಲಿನ ಮಾತೆಲ್ಲ ಇವತ್ತಿನ ಕ್ವಿಂಟಲ್ ರೇಟು, ನಾಳೆಯ ಮಳೆ.

ಶುಕ್ರವಾರ

ಕೊನೆಯ ಕೆಲಸದ ದಿನ. ಸರ್ಟಿಫಿಕೇಟು, ಸಹಿ, ಒಂದು ಗ್ರೂಪ್ ಫೋಟೋ ಅಂತ ಲೆಕ್ಕ ಹಾಕಿದ್ದೆ.

ಮಧ್ಯಾಹ್ನ ಮೂರರ ಹೊತ್ತಿಗೆ ಗಾಳಿ ನಿಂತಿತು. ಮಿಸ್ತ್ರಿ ಕಾಕಾ ಒಳಗೆ ರೋಲರ್ ಹತ್ತಿರ ಇದ್ದವರು ಹೊರಗೆ ಬಂದು ಆಕಾಶ ನೋಡಿದರು. ಪಶ್ಚಿಮಕ್ಕೆ ಒಂದು ಮೂಲೆಯಲ್ಲಿ ಸ್ವಲ್ಪ ಕಪ್ಪು, ಅಷ್ಟೇ. ನನಗೆ ಏನೂ ಅನ್ನಿಸಲಿಲ್ಲ. ನಮ್ಮೂರಲ್ಲಿ ಆ ಥರದ ಮೋಡಕ್ಕೆ ಯಾರೂ ತಲೆ ಎತ್ತಿಯೂ ನೋಡಲ್ಲ. ಅವರು ಒಂದೇ ಸಲ ಕೂಗು ಹಾಕಿದರು, ‘ಏ, ಬಳೀರಿ!’

ಮುಂದಿನ ಅರ್ಧ ಗಂಟೆ ಮಿಲ್ಲಿನಲ್ಲಿ ದೊಡ್ಡವರು, ಚಿಕ್ಕವರು ಅಂತ ಇರಲಿಲ್ಲ. ರೋಲರ್ ಬಂದ್ ಆಯಿತು. ಲೆಕ್ಕ ಬರೆಯುವವರು ಪೆನ್ನು ಬಿಟ್ಟು ಬಂದರು. ಉದ್ದ ಹಲಗೆಗೆ ಎರಡೂ ಕಡೆ ಹಗ್ಗ ಕಟ್ಟಿ ಇಬ್ಬರು ಎಳೆಯೋದು, ಹಿಂದಿನಿಂದ ಒಬ್ಬರು ಒತ್ತಿ ಹಿಡಿಯೋದು. ನಾನು ಒತ್ತುವ ಕಡೆ ನಿಂತೆ. ಕಾಳು ಅಲೆಯಾಗಿ ಮುಂದೆ ಸರಿದು ರಾಶಿ ಸೇರುತ್ತಿತ್ತು. ತಾಡಪತ್ರಿ ಬಿಚ್ಚೋ ಹೊತ್ತಿಗೆ ಗಾಳಿ ಬಂತು ನೋಡಿ, ನಾಲ್ಕು ಜನ ಹಿಡಿದಿದ್ದ ತಾಡಪತ್ರಿ ನಮ್ಮನ್ನೇ ಎಳೆದುಕೊಂಡು ಹೋಯಿತು. ಮಣ್ಣು ಕಣ್ಣಿಗೆ, ಬಾಯಿಗೆ. ಅಂಚಿನ ಮೇಲೆ ಚೀಲ, ಕಲ್ಲು, ಕೊನೆಗೆ ಮಾಲೀಕರ ಸ್ಕೂಟರಿನ ಸ್ಟೆಪ್ನಿ ಕೂಡ ಇಟ್ಟೆವು. ಆಮೇಲೆ ದಪ್ಪ ದಪ್ಪ ಹನಿ. ಕಾದ ಫರಸಿ ಮೇಲೆ ಬಿದ್ದ ಮೊದಲ ಹನಿಗಳು ಬಿದ್ದಲ್ಲೇ ಆರಿಹೋದವು.

ಒಂದು ಮೂಲೆಯ ರಾಶಿ ನೆನೆಯಿತು. ಅದನ್ನು ಮತ್ತೆ ಒಣಗಿಸಬೇಕು. ಒಣಗಿಸಿದರೂ ಬೇಳೆ ಬಣ್ಣ ಮಂಕು, ಮುರಿಯೋದೂ ಜಾಸ್ತಿ. ಮಾಲೀಕರು ಮುಖ ಗಂಟು ಹಾಕಿಕೊಂಡು ಫೋನು ಹಿಡಿದು ಒಳಗೆ ಹೋದರು.

ಶೆಡ್ಡಿನ ಕೆಳಗೆ ನಿಂತ ಹೆಂಗಸರ ಮುಖ ಮಾತ್ರ ಬೇರೆ ಇತ್ತು. ಅವರಲ್ಲಿ ಹೆಚ್ಚಿನವರಿಗೆ ಊರಲ್ಲಿ ಎರಡೋ ಮೂರೋ ಎಕರೆ ಹೊಲ ಇದೆ. ಮೃಗಶಿರಾ ಮಳೆ ಹಿಡಿದರೆ ಬಿತ್ತನೆ. ಆಯಿ ಕೈ ಹೊರಗೆ ಚಾಚಿ ಹನಿ ಹಿಡಿದು ಹೇಳಿದರು, ‘ಮಳೆಪ್ಪ, ಇಲ್ಲಿ ಬ್ಯಾಡೋ. ನಮ್ಮ ಹೊಲದಾಗ ಹೋಗಿ ಬೀಳು.’ ಎಲ್ಲರೂ ನಕ್ಕರು. ಮಿಸ್ತ್ರಿ ಕಾಕಾನೂ ನಕ್ಕರು.

ಗ್ರೂಪ್ ಫೋಟೋದಲ್ಲಿ ಎಲ್ಲರ ತಲೆ ತುಂಬ ಧೂಳು. ಸರ್ಟಿಫಿಕೇಟಿನ ಮೇಲೆ ‘ಮಷೀನರಿ ನಿರ್ವಹಣೆಯಲ್ಲಿ ತರಬೇತಿ ಪಡೆದಿದ್ದಾರೆ’ ಅಂತಿದೆ. ಹಲಗೆಯನ್ನೂ ಮಷೀನರಿ ಅಂತ ಹಿಡಿದರೆ ಸರಿಯಾಗೇ ಇದೆ.

ಶನಿವಾರ

ಟಿಕೆಟ್ ಸಿಕ್ಕಿದ್ದು ಸೋಮವಾರ ರಾತ್ರಿಗೆ. ಬೇಸಿಗೆ ಪೂರ್ತಿ ಇದ್ದರೂ ಊರು ನೋಡಿದ್ದು ಕಡಿಮೆ. ರೂಮ್‌ಮೇಟ್ ಆಳಂದದವಳು, ‘ಕಿಲ್ಲಾ ನೋಡದೇ ಹೋದ್ರ ಮಂದಿ ನಗ್ತಾರ’ ಅಂತ ಎಬ್ಬಿಸಿಕೊಂಡು ಹೋದಳು.

ಕೋಟೆ ಒಳಗೆ ಜನ ಮನೆ ಮಾಡಿಕೊಂಡಿದ್ದಾರೆ. ಬುರುಜಿನ ಮೇಲಿನ ಉದ್ದ ಫಿರಂಗಿಯ ಹತ್ತಿರ ಹುಡುಗರು ಸೆಲ್ಫಿಗೆ ಸಾಲು ನಿಂತಿದ್ದರು. ಹತ್ತು ಗಂಟೆಗೇ ಅದನ್ನು ಮುಟ್ಟೋಕೆ ಆಗುತ್ತಿರಲಿಲ್ಲ, ಸುಮ್ನೆ ದೂರದಿಂದ ನೋಡಿ ಇಳಿದೆವು.

ಜಾಮಿ ಮಸೀದಿ ಮಾತ್ರ ಬಿಟ್ಟು ಬರೋಕೆ ಮನಸ್ಸಾಗಲಿಲ್ಲ. 1367ರ ಕಟ್ಟಡ. ಸಾಮಾನ್ಯವಾಗಿ ದೊಡ್ಡ ಮಸೀದಿಗಳಲ್ಲಿ ನಡುವೆ ಬಯಲು ಅಂಗಳ ಇರುತ್ತಲ್ಲ, ಇಲ್ಲಿ ಅದಿಲ್ಲ. ಇಡೀ ಜಾಗಕ್ಕೆ ಚಾವಣಿ. ಸಣ್ಣ ಸಣ್ಣ ಗುಮ್ಮಟಗಳ ಸಾಲು, ಪಶ್ಚಿಮಕ್ಕೆ ಒಂದು ದೊಡ್ಡ ಗುಮ್ಮಟ. ಯಾಕೆ ಹೀಗೆ ಕಟ್ಟಿದರು ಅಂತ ತಿಳಿದವರು ಏನೇನೋ ಹೇಳುತ್ತಾರೆ. ಹೊರಗಿನಿಂದ ಬಂದು ಒಳಗೆ ಕಾಲಿಟ್ಟ ನನಗೆ ಬೇರೆ ಕಾರಣ ಬೇಕು ಅನ್ನಿಸಲಿಲ್ಲ. ತಗ್ಗು, ಅಗಲದ ಕಮಾನುಗಳ ಕೆಳಗೆ ಗಾಳಿ ಆಡುತ್ತಿತ್ತು. ಗೆಳತಿ ಕಂಬಕ್ಕೆ ಒರಗಿ ಕೂತು ನಿದ್ದೆಯನ್ನೇ ಮಾಡಿಬಿಟ್ಟಳು. ಬೇಸಿಗೆಯೆಲ್ಲ ನೆರಳು ಬೀಳದ ಹಾಗೆ ನೋಡಿಕೊಳ್ಳುವ ಅಂಗಳದಲ್ಲಿ ಕಳೆದಿದ್ದೆ. ನೆರಳಿಗೋಸ್ಕರವೇ ಕಟ್ಟಿದ ಹಾಗಿರುವ ಜಾಗ ಸಿಕ್ಕಿದ್ದು ಹೊರಡುವಾಗ.

ರಾತ್ರಿ ಖಾನಾವಳಿಯಲ್ಲಿ ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಗಟ್ಟಿ ಬ್ಯಾಳಿ. ಅಕ್ಕನಿಗೆ ನಾನು ಹೋಗೋದು ಗೊತ್ತಾಗಿತ್ತು. ಕೇಳದೇ ಎರಡನೇ ರೊಟ್ಟಿ ಹಾಕಿದರು, ಮೂರನೆಯದನ್ನೂ ಹಾಕಿದರು. ಬಂದ ಹೊಸದರಲ್ಲಿ ಒಂದನ್ನೇ ಮುಗಿಸೋಕೆ ಒದ್ದಾಡುತ್ತಿದ್ದೆ.

ಭಾನುವಾರ

ಗೆಳತಿಯ ಅಣ್ಣನ ಬೈಕು ಸಿಕ್ಕಿತು. ಶಹಾಬಾದ್, ವಾಡಿ, ನಾಲವಾರ ದಾಟಿ ಸನ್ನತಿಗೆ. ಬಿಸಿಲೇರುವ ಮೊದಲೇ ತಲುಪಬೇಕು ಅಂತ ಕತ್ತಲಲ್ಲೇ ಹೊರಟೆವು.

ಶಹಾಬಾದ್ ಸುತ್ತ ರಸ್ತೆ ಎರಡೂ ಕಡೆ ಕಲ್ಲಿನ ಗಣಿ. ನೆಲದಡಿ ಸುಣ್ಣಕಲ್ಲು ಪದರ ಪದರವಾಗಿಯೇ ಕೂತಿದೆ, ಎಬ್ಬಿಸಿದರೆ ಹಲಗೆ ಬರುತ್ತೆ. ಮಿಲ್ಲಿನ ಅಂಗಳ, ರೂಮಿನ ನೆಲ, ಖಾನಾವಳಿಯ ಟೇಬಲ್ಲು ಎಲ್ಲ ಇಲ್ಲಿಂದಲೇ. ವಾಡಿ ಬಂದರೆ ಅದೇ ಸುಣ್ಣಕಲ್ಲಿನಿಂದ ಸಿಮೆಂಟು. ಗಿಡದ ಎಲೆ ಕೂಡ ಬೂದಿ ಬಣ್ಣ.

ಸನ್ನತಿ ಭೀಮಾ ನದಿ ದಂಡೆಯ ಊರು. ಚಂದ್ರಲಾಂಬೆಯ ಗುಡಿಗೆ ಜನ ಬರುತ್ತಾರೆ. ಅದೇ ಆವರಣದ ಕಾಳಿ ಗುಡಿಯ ಚಾವಣಿ 1986ರಲ್ಲಿ ಕುಸಿಯಿತು. ಕಲ್ಲುಮಣ್ಣು ತೆಗೆದು ನೋಡಿದರೆ, ದೇವಿಯ ಮೂರ್ತಿಗೆ ಪೀಠವಾಗಿದ್ದ ಚಪ್ಪಡಿ ಮೇಲೆ ಅಶೋಕನ ಶಾಸನ! ಯಾವ ಕಾಲದಲ್ಲೋ ಯಾರೋ ಗಟ್ಟಿ ಕಲ್ಲು ಸಿಕ್ಕಿತು ಅಂತ ನಡುವೆ ತೂತು ಕೊರೆದು ಮೂರ್ತಿ ನಿಲ್ಲಿಸಿದ್ದರು. ಚಾವಣಿ ಗಟ್ಟಿ ಇದ್ದಿದ್ದರೆ ಇವತ್ತಿಗೂ ಅಲ್ಲೇ ಪೂಜೆ ಮಾಡಿಸಿಕೊಂಡು ಇರುತ್ತಿತ್ತು.

ಪಕ್ಕದ ಕನಗನಹಳ್ಳಿಯಲ್ಲಿ ಸ್ತೂಪ. ಪುರಾತತ್ವ ಇಲಾಖೆ 1990ರ ದಶಕದಲ್ಲಿ ಅಗೆದು ತೆಗೆದದ್ದು. ಅಲ್ಲಿ ಸಿಕ್ಕ ಒಂದು ಫಲಕದಲ್ಲಿ ರಾಜ, ರಾಣಿ, ಛತ್ರ ಹಿಡಿದ ಸೇವಕಿಯರು ಇದ್ದಾರೆ. ಮೇಲೆ ಬ್ರಾಹ್ಮಿ ಅಕ್ಷರದಲ್ಲಿ ಅದು ರಾಜ ಅಶೋಕ ಅಂತ ಬರೆದಿದೆ. ಕೆತ್ತಿದ ಕಲ್ಲು ನಮ್ಮ ಅಂಗಳದ ಫರಸಿಯ ಜಾತಿಯದೇ, ಸುಣ್ಣಕಲ್ಲು. ಎರಡು ಸಾವಿರ ವರ್ಷದ ಹಿಂದೆ ಅದರ ಮೇಲೆ ಕಮಲದ ಎಸಳು, ಆನೆ, ಮುತ್ತಿನ ಸರ ಕೆತ್ತಿದ್ದಾರೆ. ನಾವು ತೊಗರಿ ಹರಡುತ್ತೇವೆ. ಗೆಳತಿಗೆ ಹೇಳಿದೆ. ‘ಅವರೂ ಊಟಕ್ಕ ತೊಗರಿನೇ ತಿಂದಿರಬೇಕು ಬಿಡು’ ಅಂದಳು.

ಹನ್ನೊಂದಕ್ಕೆಲ್ಲ ವಾಪಸ್ ಹೊರಟೆವು. ರಸ್ತೆ ಬದಿಯ ಹೊಲಗಳಲ್ಲಿ ಹರಗಿ ಬಿಟ್ಟ ಕಪ್ಪು ಮಣ್ಣು ಬಾಯಿ ಬಿಟ್ಟುಕೊಂಡಿತ್ತು. ಶುಕ್ರವಾರದ ಮಳೆ ಇಲ್ಲಿಗೆ ಬಂದ ಗುರುತೇ ಇರಲಿಲ್ಲ.

ಸೋಮವಾರ

ಬೆಳಿಗ್ಗೆ ಅಪ್ಪನ ಗುಡಿಗೆ, ಅಂದರೆ ಶರಣಬಸವೇಶ್ವರ ದೇವಸ್ಥಾನಕ್ಕೆ. ಸೋಮವಾರ ಅಲ್ವಾ, ಜನವೋ ಜನ. ಹೊಲದ ಕಾಳು ತಿನ್ನೋಕೆ ಬಂದ ಹಕ್ಕಿಗಳನ್ನು ಶರಣರು ಓಡಿಸಲಿಲ್ಲ, ಬದಲಿಗೆ ಕುಡಿಯೋಕೆ ನೀರಿಟ್ಟರು ಅನ್ನೋ ಕಥೆ ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಮಿಲ್ಲಿನ ಅಂಗಳದ ಮೂಲೆಯಲ್ಲಿ ಒಂದು ಒಡೆದ ಮಡಕೆಯಲ್ಲಿ ದಿನವೂ ನೀರು ತುಂಬಿಸಿಡುತ್ತಿದ್ದರು. ಪಾರಿವಾಳಗಳು ಮೊದಲು ತೊಗರಿ ತಿಂದು ಆಮೇಲೆ ಆ ನೀರು ಕುಡಿದು ಹೋಗುತ್ತಿದ್ದವು. ಹಕ್ಕಿ ಬಂದರೆ ಯಾಕೆ ಓಡಿಸಲ್ಲ ಅಂತ ಒಂದು ಸಲ ಮಿಸ್ತ್ರಿ ಕಾಕಾನ ಕೇಳಿದ್ದೆ. ‘ಅಪ್ಪನ ಊರಾಗ ಹಕ್ಕಿ ಓಡಸ್ತಾರೇನ?’ ಅಂದಿದ್ದರು.

ಅಲ್ಲಿಂದ ಮಿಲ್ಲಿಗೆ ಹೋಗಿ ವಿದಾಯ ಹೇಳಿದೆ. ಐದು ಕಿಲೋ ಬೇಳೆ ಕಟ್ಟಿಕೊಟ್ಟರು. ಪಾಲಿಶ್ ಹಾಕದ್ದು, ನೋಡೋಕೆ ಹೊಳಪಿಲ್ಲ. ‘ಇದು ಮನಿಗಿ ಒಯ್ಯೋ ಮಾಲು, ಅಂಗಡ್ಯಾಗ ಸಿಗಂಗಿಲ್ಲ’ ಅಂದರು ಕಾಕಾ. ಆಯಿ ಬಂದಿರಲಿಲ್ಲ. ಊರಲ್ಲಿ ಮಳೆಯಾಗಿದೆ, ಹೊಲಕ್ಕೆ ಹೋಗಿದ್ದಾರೆ ಅಂತ ಉಳಿದ ಹೆಂಗಸರು ಹೇಳಿದರು. ಇನ್ನು ಬಿತ್ತನೆ ಮುಗಿಯೋ ತನಕ ಬರಲ್ಲವಂತೆ.

ರಾತ್ರಿ ಸ್ಟೇಷನ್ನಿನಲ್ಲಿ ಸೋಲಾಪುರ–ಹಾಸನ ಗಾಡಿಗೆ ಕಾಯುತ್ತಿದ್ದೆ. ಅಷ್ಟರಲ್ಲಿ ಬೆಂಗಳೂರು ಕಡೆಯಿಂದ ಒಂದು ಗಾಡಿ ಬಂತು. ಜನರಲ್ ಬೋಗಿಯಿಂದ ಸಂಸಾರಗಳು ಇಳಿದವು. ತಲೆ ಮೇಲೆ ಗಂಟು, ಕೈಯಲ್ಲಿ ಪ್ಲಾಸ್ಟಿಕ್ ಬಕೆಟ್ಟು, ಅದರೊಳಗೆ ಪಾತ್ರೆ. ಒಬ್ಬರ ಹೆಗಲ ಮೇಲೆ ಟೇಬಲ್ ಫ್ಯಾನು. ಬೇಸಿಗೆಯಲ್ಲಿ ಗುಳೆ ಹೋದವರು ಬಿತ್ತನೆಗೆ ವಾಪಸ್ ಬರುತ್ತಿದ್ದರು. ನನ್ನ ಬೆಂಚಿನ ಪಕ್ಕ ಗಂಟು ಇಳಿಸಿದ ಒಬ್ಬ ಹೆಂಗಸು ಕೇಳಿದರು, ‘ಎಲ್ಲಿಗಿ ತಂಗಿ? ಕೆಲಸಕ್ಕ ಹೊಂಟೀರೇನು?’

‘ಇಲ್ಲ ಅಕ್ಕಾ, ಕೆಲಸ ಮುಗೀತು. ಊರಿಗೆ ಹೋಗ್ತಾ ಇದೀನಿ.’

‘ನಮ್ದೂ ಹಂಗೇ’ ಅಂದರು.

ಹಂಗೇ ಅಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ನನ್ನ ಬೇಸಿಗೆಗೆ ಸ್ಟೈಪೆಂಡು, ಸರ್ಟಿಫಿಕೇಟು, ಮುಂದೆ ಬಯೋಡೇಟಾದಲ್ಲಿ ಒಂದು ಸಾಲು. ಅವರದು ಯಾರದೋ ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಗೆ ಹೊತ್ತ ಇಟ್ಟಿಗೆ. ಅವರ ಹುಡುಗ ನನ್ನ ಬೇಳೆ ಗಂಟಿನ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಿದ್ದ. ಊರಲ್ಲಿ ಮಳೆ ಆಗಿದೆಯಾ ಅಂತ ಕೇಳಿದರು. ಶುಕ್ರವಾರ ಕಪನೂರಲ್ಲಿ ಜೋರಾಗಿ ಬಂತು, ನಾಲವಾರದ ಕಡೆ ಇಲ್ಲ, ಅಂದೆ. ಅವರ ಗಂಡ ಹತ್ತಿರ ಬಂದು ಇನ್ನೊಂದು ಸಲ ಕೇಳಿ ಖಚಿತ ಮಾಡಿಕೊಂಡರು.

ಮಂಗಳವಾರ

ಹಾಸನದಲ್ಲಿ ಅಪ್ಪ ಛತ್ರಿ ಹಿಡಿದು ನಿಂತಿದ್ದರು. ‘ಏನೇ ಇದು, ಇಷ್ಟು ಕರ್ರಗಾಗಿದೀಯಾ!’ ಅಂತ ಮೊದಲು. ಆಮೇಲೆ ಗಂಟು ಎತ್ತಿ ನೋಡಿ, ‘ಬೇಳೆನಾ? ಇಲ್ಲಿ ಸಿಗಲ್ವಾ?’ ಅಂತ.

ಮನೆಯಲ್ಲಿ ಒಗೆದ ಬಟ್ಟೆ ಒಲೆ ಮೇಲಿನ ತಂತಿಯಲ್ಲಿ ನೇತಾಡುತ್ತಿದ್ದವು. ಮಳೆ ಶುರುವಾದ ಮೇಲೆ ಇಲ್ಲಿ ಏನೂ ಒಣಗಲ್ಲ. ಅಮ್ಮ ಒಂದು ಬೇಳೆ ಬಾಯಿಗೆ ಹಾಕಿಕೊಂಡು ಕಚ್ಚಿದರು. ಕಟ್ ಅಂತು. ಡಬ್ಬಿಗೆ ಹಾಕಿ ಗಟ್ಟಿಯಾಗಿ ಮುಚ್ಚಳ ಹಾಕಿದರು.

ರಾತ್ರಿ ಕೂತು ರಿಪೋರ್ಟು ತಿದ್ದಿದೆ. ಗೈಡ್ 40 ಪುಟ ಮೀರಬಾರದು ಅಂದಿದ್ದಾರೆ. ಅಂಗಳದ್ದೇ ಹನ್ನೆರಡು ಪುಟ ಆಗಿದೆ. ಯಾವ ದಿನ ಎಷ್ಟು ಡಿಗ್ರಿ, ಎಷ್ಟು ಸಲ ಕಾಲಾಡಿಸಿದರು, ಆಯಿ ಎಷ್ಟು ಗಂಟೆಗೆ ‘ಆಗ್ಯದ’ ಅಂದರು, ಆಗ ಮೀಟರ್ ಎಷ್ಟು ತೋರಿಸುತ್ತಿತ್ತು, ಆ ಲಾಟಿನಲ್ಲಿ ನುಚ್ಚು ಎಷ್ಟು ಬಂತು. ಜಾಗ ಸಾಲಲಿಲ್ಲ. ಬಣ್ಣ ನೋಡಿ ಕಾಳು ಬೇರೆ ಮಾಡುವ ಸಾರ್ಟೆಕ್ಸ್ ಮಷೀನಿನ ಮೂರು ಪುಟದ ಬ್ರೋಷರ್ ಫೋಟೋ ಹಾಕಿದ್ದೆ. ಅದನ್ನು ಕಿತ್ತು ಹಾಕಿದೆ.